ಕೊಲಂಬಿಯಾದ ಹೆರಿಕೊ, ಹಾರ್ದಿನ್ ಕಡೆ ಪವಿತ್ರ ವಾರಕ್ಕೆ ಹೋಗುವುದು: ಯಾವ ಊರು, ಎಷ್ಟು ದಿನ, ಊಟ ಹೇಗೆ?

ತುಂಗಾತೀರ (ಪ್ರಶ್ನೆ):

2027ರ ಈಸ್ಟರ್ ಮಾರ್ಚ್ 28ಕ್ಕೆ ಬರುತ್ತದೆ. ಅದಕ್ಕೆ ಮುಂಚಿನ ಪವಿತ್ರ ವಾರವನ್ನು ಕೊಲಂಬಿಯಾದ ಆಂತಿಯೋಕಿಯಾ ಪ್ರಾಂತ್ಯದ ನೈಋತ್ಯ ಬೆಟ್ಟಸೀಮೆಯಲ್ಲಿ ಕಳೆಯಬೇಕೆಂದಿದ್ದೇವೆ. ಮೂರು ಜನ: ನಾನು, ಯಜಮಾನರು, ಅಮ್ಮ. ಅಮ್ಮನಿಗೆ 64, ಮಂಡಿನೋವಿದೆ, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಮೂವರಿಗೂ ಅಮೆರಿಕದ ಪ್ರವಾಸಿ ವೀಸಾ ಇದೆ. ಮಯಾಮಿಯಿಂದ ಮೆಡೆಯಿನ್‌ಗೆ ವಿಮಾನ, ಮುಂದಕ್ಕೆ ಬಸ್ಸು.

ಈಗಿನ ಯೋಜನೆ ಹೀಗಿದೆ: 21ರ ಗರಿಗಳ ಭಾನುವಾರ ಸಾಂತಾ ಫೆ ದೆ ಆಂತಿಯೋಕಿಯಾದಲ್ಲಿ, 23ಕ್ಕೆ ಹೆರಿಕೊ, ಶುಭ ಶುಕ್ರವಾರ ಬೆಳಿಗ್ಗೆ ಹಾರ್ದಿನ್, ಈಸ್ಟರ್ ಭಾನುವಾರ ಮಧ್ಯಾಹ್ನ ಮೆಡೆಯಿನ್‌ಗೆ ವಾಪಸ್, ಸೋಮವಾರ ವಿಮಾನ. ಇದು ಆಗುವ ಮಾತೇ? ಹೆರಿಕೊ, ಹಾರ್ದಿನ್ ಎರಡರಲ್ಲಿ ಒಂದೇ ಊರು ಆರಿಸುವುದಾದರೆ ಯಾವುದು? ನಾವು ಕ್ರೈಸ್ತರಲ್ಲ. ಚರ್ಚಿನೊಳಗೆ, ಮೆರವಣಿಗೆಯಲ್ಲಿ ಹೇಗೆ ನಡೆದುಕೊಳ್ಳಬೇಕು, ಏನು ಮಾಡಬಾರದು ಎನ್ನುವುದನ್ನು ತಿಳಿದವರು ಬಿಡಿಸಿ ಹೇಳಿದರೆ ಉಪಕಾರ. ಅಮ್ಮನ ಊಟದ್ದೇ ದೊಡ್ಡ ಚಿಂತೆ.

ಘಟ್ಟದಹಾದಿ:

ಶುಕ್ರವಾರ ಊರು ಬದಲಿಸುವುದನ್ನು ಮೊದಲು ಕೈಬಿಡಿ. ಪವಿತ್ರ ಗುರುವಾರ ಸಂಜೆಯಿಂದ ಭಾನುವಾರ ಬೆಳಗಿನವರೆಗೆ ನಡೆಯುವುದೆಲ್ಲ ಒಂದೇ ಆಚರಣೆಯ ಕಂತುಗಳು. ಗುರುವಾರ ಒಂದು ಊರಲ್ಲಿ, ಶುಕ್ರವಾರ ಇನ್ನೊಂದರಲ್ಲಿ ಅಂದರೆ ಎರಡೂ ಕಡೆ ಅರ್ಧರ್ಧ ನೋಡಿದ ಹಾಗೆ. ಜೊತೆಗೆ ರಸ್ತೆಯ ತೊಂದರೆ. ನಕ್ಷೆಯಲ್ಲಿ ಹೆರಿಕೊ, ಹಾರ್ದಿನ್ ಅಕ್ಕಪಕ್ಕ ಕಾಣುತ್ತವೆ. ಆದರೆ ನಡುವೆ ಬೆಟ್ಟದ ಸಾಲಿದೆ, ಸಾಮಾನ್ಯವಾಗಿ ಆಂದೆಸ್ ಪಟ್ಟಣದ ಮೇಲೆ ಹೋಗಿ ಅಲ್ಲಿ ಬಸ್ಸು ಬದಲಿಸಬೇಕು. ನೇರ ವಾಹನ ಬೆರಳೆಣಿಕೆಯಷ್ಟು, ಶುಭ ಶುಕ್ರವಾರ ಅದೂ ನಂಬುವ ಹಾಗಿಲ್ಲ.

ಆ ವಾರದ ರಜೆಗಳ ಲೆಕ್ಕ ನೋಡಿ. ಗುರುವಾರ (25), ಶುಕ್ರವಾರ (26) ದೇಶಕ್ಕೆಲ್ಲ ರಜೆ. ಮಾರ್ಚ್ 19ರ ಸಂತ ಜೋಸೆಫರ ಹಬ್ಬದ ರಜೆಯನ್ನು ಅಲ್ಲಿನ ಕಾನೂನು ಮುಂದಿನ ಸೋಮವಾರಕ್ಕೆ ತಳ್ಳುತ್ತದೆ, ಹಾಗಾಗಿ 2027ರಲ್ಲಿ 22ನೇ ತಾರೀಖೂ ರಜೆ. ಇದರಿಂದ ಮೆಡೆಯಿನ್‌ನ ಜನ 19ರ ಸಂಜೆ, 20ರ ಬೆಳಿಗ್ಗೆ ಒಮ್ಮೆ ಹೊರಡುತ್ತಾರೆ, 24ರ ಮಧ್ಯಾಹ್ನದಿಂದ ಇನ್ನೊಮ್ಮೆ. ನಡುವೆ 23ರ ಮಂಗಳವಾರ ಬೆಳಿಗ್ಗೆ ರಸ್ತೆ ಹಗುರ. ಬೆಟ್ಟ ಹತ್ತಲು ಅದೇ ಸರಿಯಾದ ಹೊತ್ತು.

ಈಸ್ಟರ್ ಭಾನುವಾರ ವಾಪಸಾಗುವುದು ಅದಕ್ಕಿಂತ ಕಷ್ಟ. ನೈಋತ್ಯದ ಊರುಗಳ ವಾಹನಗಳೆಲ್ಲ ಬೊಲೊಂಬೊಲೊ, ಅಮಗಾ, ಕಾಲ್ದಾಸ್ ಕಡೆಯ ಹೆದ್ದಾರಿಗೆ ಬಂದು ಸೇರುತ್ತವೆ. ಮಾಮೂಲು ದಿನ ಹಾರ್ದಿನ್‌ನಿಂದ ಮೂರೂವರೆ ನಾಲ್ಕು ತಾಸು, ಹೆರಿಕೊದಿಂದ ಸುಮಾರು ಮೂರು ತಾಸು. ಆ ಭಾನುವಾರ ಇಷ್ಟೇ ಹೊತ್ತು ಎಂದು ಹೇಳಲಾಗದು. ಮೇಲಾಗಿ ಮಾರ್ಚ್ ಕೊನೆಗೆ ಮಳೆ ಹಿಡಿಯುತ್ತದೆ, ಏಪ್ರಿಲ್–ಮೇಯಲ್ಲಿ ಜೋರು. ಕಡಿದ ಗುಡ್ಡಗಳು ನೀರು ಕುಡಿದು ರಸ್ತೆಗೆ ಜಾರುತ್ತವೆ. ಮಣ್ಣು ತೆಗೆಯುವಾಗ ಒಂದೇ ಪಥದಲ್ಲಿ ಆ ಕಡೆಯವರನ್ನು ಒಮ್ಮೆ, ಈ ಕಡೆಯವರನ್ನು ಒಮ್ಮೆ ಬಿಡುತ್ತಾರೆ. ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ ಬರುವುದರಿಂದ ಬೆಟ್ಟದ ಬಸ್ಸು ಬೆಳಿಗ್ಗೆಯೇ ಹಿಡಿಯಬೇಕು, ರಾತ್ರಿ ಪ್ರಯಾಣ ಬೇಡವೇ ಬೇಡ. ವಿಮಾನವನ್ನು ಬುಧವಾರ 31ಕ್ಕೆ ಬದಲಿಸಿ.

ಮೆಡೆಯಿನ್‌ನಲ್ಲಿ ಎರಡು ಬಸ್ ನಿಲ್ದಾಣ ಇವೆ. ಹೆರಿಕೊ, ಹಾರ್ದಿನ್ ಬಸ್ಸುಗಳು ದಕ್ಷಿಣ ನಿಲ್ದಾಣದಿಂದ ಹೊರಡುತ್ತವೆ, ಅಂದರೆ ತೆರ್ಮಿನಾಲ್ ದೆಲ್ ಸುರ್. ಸಾಂತಾ ಫೆ ದೆ ಆಂತಿಯೋಕಿಯಾದ ಬಸ್ಸು ಉತ್ತರದ ತೆರ್ಮಿನಾಲ್ ದೆಲ್ ನೋರ್ತೆಗೆ ಬರುತ್ತದೆ. ನಿಮ್ಮ ಯೋಜನೆಯಂತೆ ಅಲ್ಲಿಂದ ಬಂದರೆ ಸಾಮಾನು ಹೊತ್ತು ಊರನ್ನೇ ಅಡ್ಡ ದಾಟಬೇಕು. ಉತ್ತರದ್ದು ಮೆಟ್ರೊದ ಕಾರಿಬೆ ನಿಲ್ದಾಣಕ್ಕೆ ಅಂಟಿಕೊಂಡಿದೆ, ದಕ್ಷಿಣದ್ದಕ್ಕೆ ಟ್ಯಾಕ್ಸಿಯೇ ಸಲೀಸು. ಸಾಂತಾ ಫೆ ಒಳ್ಳೆಯ ಊರು, 1541ರಷ್ಟು ಹಳೆಯದು. ಆದರೆ ಅದು ಕಾವ್ಕಾ ನದಿಯ ಕಣಿವೆಯಲ್ಲಿ ಸುಮಾರು 550 ಮೀಟರ್ ಎತ್ತರದಲ್ಲಿದ್ದು ಬಿಸಿಲು ಸುಡುತ್ತದೆ. ಅಮ್ಮನನ್ನು ಕರೆದುಕೊಂಡು ಮೊದಲ ದಿನವೇ ಅಲ್ಲಿಗೆ ಹೋಗುವ ಬದಲು ಗರಿಗಳ ಭಾನುವಾರ ಮೆಡೆಯಿನ್‌ನಲ್ಲೇ ಇರಿ. ಬೆಲೆನ್ಸಿತೊ ಬಡಾವಣೆಯಲ್ಲಿ ಸಂತ ಲೌರಾ ಮೊಂತೋಯಾ ಅವರ ಸಮಾಧಿ ಇದೆ. ಆಮೇಲೆ ಹೆರಿಕೊದಲ್ಲಿ ಅವರು ಹುಟ್ಟಿದ ಮನೆ ನೋಡುವಾಗ ಎರಡೂ ಕೂಡಿಕೊಳ್ಳುತ್ತವೆ.

ಶಿಲುಬೆಹಾದಿ:

ಮೇಲಿನವರ ಮಾತಿಗೆ ನನ್ನದೂ ಒಪ್ಪಿಗೆ, ಒಂದೇ ಊರಲ್ಲಿ ನಿಲ್ಲಿ. ಏನೇನು ನಡೆಯುತ್ತದೆ ಎನ್ನುವುದು ತಿಳಿದಿದ್ದರೆ ಅಮ್ಮನನ್ನು ಯಾವುದಕ್ಕೆ ಕರೆದೊಯ್ಯಬೇಕು, ಯಾವುದಕ್ಕೆ ಬೇಡ ಎಂದು ನೀವೇ ತೀರ್ಮಾನಿಸಬಹುದು.

ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಕೊನೆಯ ಎರಡು ವಾರ ಹಲವು ಚರ್ಚುಗಳಲ್ಲಿ ಪ್ರತಿಮೆಗಳಿಗೆ ನೇರಳೆ ಬಟ್ಟೆ ಮುಚ್ಚಿರುತ್ತಾರೆ. ಶಿಲ್ಪ ನೋಡಲೆಂದೇ ಬಂದವರು ಇದನ್ನು ತಿಳಿದಿರಬೇಕು. ಗುರುವಾರ ಸಂಜೆ ಯೇಸುವಿನ ಕೊನೆಯ ಭೋಜನವನ್ನು ನೆನೆಯುವ ಬಲಿಪೂಜೆ (ಮಾಸ್), ಅದರಲ್ಲಿ ಗುರುಗಳು ಹನ್ನೆರಡು ಜನರ ಪಾದ ತೊಳೆಯುತ್ತಾರೆ. ಆ ಪೂಜೆಯ ಗ್ಲೋರಿಯಾ ಸ್ತುತಿಗೀತೆ ಹಾಡುವಾಗ ಗಂಟೆಗಳು ಬಾರಿಸಿ ನಿಂತರೆ ಶನಿವಾರ ರಾತ್ರಿಯ ಗ್ಲೋರಿಯಾದವರೆಗೆ ಸದ್ದಿಲ್ಲ. ಗಂಟೆಯ ಬದಲು ಮಾತ್ರಾಕಾ ಎಂಬ, ಕಟಕಟ ಸದ್ದು ಮಾಡುವ ಮರದ ಸಾಧನವನ್ನು ಬಡಿಯುತ್ತಾರೆ. ಹಲಗೆಗೆ ಬಡಿಯುವ ಆ ಒಣ ಸದ್ದು ಕೇಳಿದರೆ ಮೆರವಣಿಗೆ ಹೊರಟಿತು ಎಂದರ್ಥ. ಪೂಜೆ ಮುಗಿದ ಮೇಲೆ ಪರಮಪ್ರಸಾದವನ್ನು (ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿಯನ್ನು) ಹೂವು, ದೀಪಗಳಿಂದ ಸಿಂಗರಿಸಿದ ಬೇರೊಂದು ಪೀಠಕ್ಕೆ ಒಯ್ದು ಇಡುತ್ತಾರೆ, ಅದನ್ನು ಮೊನುಮೆಂತೊ ಎನ್ನುತ್ತಾರೆ. ಜನ ರಾತ್ರಿ ಚರ್ಚಿನಿಂದ ಚರ್ಚಿಗೆ ನಡೆದು ಅದರ ಮುಂದೆ ಮೌನವಾಗಿ ಕೂರುತ್ತಾರೆ. ಅಮ್ಮನಿಗೆ ಇದು ಹೇಳಿ ಮಾಡಿಸಿದ್ದು. ತಳ್ಳಾಟವಿಲ್ಲ, ಬೇಕಾದಷ್ಟು ಹೊತ್ತು ಬೆಂಚಿನ ಮೇಲೆ ಕೂರಬಹುದು.

ಶುಭ ಶುಕ್ರವಾರ ಬಲಿಪೂಜೆಯೇ ಇಲ್ಲ. ಬೆಳಿಗ್ಗೆ ಬೀದಿಯಲ್ಲಿ ಹದಿನಾಲ್ಕು ನಿಲುಗಡೆಗಳ ಶಿಲುಬೆ ಹಾದಿ, ಬಿಸಿಲಲ್ಲಿ ಏರು ನಡಿಗೆ. ಮಂಡಿನೋವಿದ್ದವರಿಗೆ ಬೇಡ. ಮಧ್ಯಾಹ್ನ ಯೇಸು ಶಿಲುಬೆಯ ಮೇಲೆ ಆಡಿದ ಏಳು ನುಡಿಗಳ ಪ್ರವಚನ, ಮೂರು ಗಂಟೆಯ ಸುಮಾರಿಗೆ ಯಾತನೆಯ ಆರಾಧನೆ, ಶಿಲುಬೆಗೆ ಮುತ್ತಿಡುವುದು. ಇವೆಲ್ಲ ಒಳಗೆ ನಡೆಯುವುದರಿಂದ ಒಂದು ತಾಸು ಮುಂಚೆ ಹೋದರೆ ಕೂರಲು ಜಾಗ ಸಿಗುತ್ತದೆ. ಕತ್ತಲಾದ ಮೇಲೆ ಸಾಂತೊ ಸೆಪುಲ್ಕ್ರೊ, ಅಂದರೆ ಸಮಾಧಿಗೆ ಒಯ್ಯುವ ಯೇಸುವಿನ ಪ್ರತಿಮೆಯ ಮೆರವಣಿಗೆ. ಇಡೀ ವಾರದಲ್ಲಿ ಅತಿ ಹೆಚ್ಚು ಜನ ಸೇರುವುದು ಇದಕ್ಕೆ. ಶನಿವಾರ ಒಬ್ಬಂಟಿ ಮರಿಯಳ ಮೆರವಣಿಗೆ, ರಾತ್ರಿ ಪಾಸ್ಖ (ಈಸ್ಟರ್) ಜಾಗರಣೆ.

ಜಾಗರಣೆಯನ್ನು ತಪ್ಪಿಸಬೇಡಿ. ಚರ್ಚಿನ ಹೊರಗೆ ಬೆಂಕಿ ಹಾಕಿ, ಅದರಿಂದ ದೊಡ್ಡ ಪಾಸ್ಖ ಮೇಣದಬತ್ತಿ ಹೊತ್ತಿಸಿ, ಕತ್ತಲೆ ತುಂಬಿದ ಚರ್ಚಿನೊಳಕ್ಕೆ ತರುತ್ತಾರೆ. ಅದರಿಂದ ಒಬ್ಬರಿಂದೊಬ್ಬರಿಗೆ ದೀಪ ಹರಿಯುತ್ತದೆ. ಮೇಣದಬತ್ತಿಯನ್ನು ಹಗಲೇ ಕೊಂಡಿಟ್ಟುಕೊಳ್ಳಿ. ಬುಡಕ್ಕೆ ಕಾಗದದ ಬಿಲ್ಲೆ ಇರುವುದನ್ನೇ ಆರಿಸಿ, ಇಲ್ಲದಿದ್ದರೆ ಬಿಸಿ ಮೇಣ ಕೈಗೆ, ಮುಂದಿನವರ ಬೆನ್ನಿಗೆ ಸುರಿಯುತ್ತದೆ. ಉರಿಯುವ ಬತ್ತಿಯನ್ನು ಬಾಗಿಸಬಾರದು, ಹೊತ್ತಿಸಿಕೊಳ್ಳುವವರು ತಮ್ಮದನ್ನು ಬಾಗಿಸಬೇಕು. ಆಮೇಲೆ ಉದ್ದನೆಯ ವಾಚನಗಳು. ಪೂರ್ತಿ ಓದಿದರೆ ಹಳೆಯ ಒಡಂಬಡಿಕೆಯಿಂದಲೇ ಏಳು. ಗ್ಲೋರಿಯಾಗೆ ಗಂಟೆಗಳೆಲ್ಲ ಒಟ್ಟಿಗೆ ಬಾರಿಸುತ್ತವೆ, ಅದರ ನಂತರ ನೀರಿನ ಆಶೀರ್ವಾದ. ಎರಡೂವರೆ ಮೂರು ತಾಸು ಆಗಬಹುದು, ಸ್ವೆಟರ್ ಇರಲಿ.

ನಡವಳಿಕೆಯ ವಿಷಯ. ಭುಜ, ಮಂಡಿ ಮುಚ್ಚುವ ಬಟ್ಟೆ ತೊಡಿ. ಸೀರೆ, ಚೂಡಿದಾರ್ ಧಾರಾಳವಾಗಿ ನಡೆಯುತ್ತದೆ. ಚಪ್ಪಲಿ ಬಿಡಬೇಕಿಲ್ಲ. ಗಂಡಸರು ಟೋಪಿ ತೆಗೆಯಬೇಕು. ಎಲ್ಲರೂ ಎದ್ದು ನಿಂತಾಗ ನಿಲ್ಲಿ, ಮಂಡಿಯೂರುವಾಗ ಸುಮ್ಮನೆ ಕೂತರೂ ಯಾರೂ ತಪ್ಪು ತಿಳಿಯುವುದಿಲ್ಲ. ಒಂದನ್ನು ಮಾತ್ರ ಗಟ್ಟಿಯಾಗಿ ನೆನಪಿಡಿ: ಪರಮಪ್ರಸಾದ ಕೊಡುವಾಗ ಸಾಲಿನಲ್ಲಿ ಎದ್ದು ಹೋಗಬೇಡಿ. ದೇವಸ್ಥಾನದಲ್ಲಿ ತೀರ್ಥಕ್ಕೆ ಕೈಯೊಡ್ಡುವ ಅಭ್ಯಾಸ ನಮ್ಮದು, ಪಕ್ಕದವರೆಲ್ಲ ಎದ್ದಾಗ ಕಾಲು ತಾನೇ ಏಳುತ್ತದೆ. ಅದು ಕಥೋಲಿಕ ದೀಕ್ಷೆ ಪಡೆದು ಸಿದ್ಧರಾದವರಿಗೆ ಮಾತ್ರ. ಅವರಿಗೆ ಅದು ಕ್ರಿಸ್ತನ ದೇಹವೇ. ತಿಳಿಯದೆ ಕೈಯಲ್ಲಿ ಹಿಡಿದು ವಾಪಸ್ ಬಂದರೆ, ಜೇಬಿಗೆ ಹಾಕಿಕೊಂಡರೆ ಅವರ ಮನಸ್ಸಿಗೆ ಬಹಳ ನೋವಾಗುತ್ತದೆ. ಬೆಂಚಿನ ತುದಿಗೆ ಕೂತಿದ್ದರೆ ಎದ್ದು ಒಳಗಿನವರಿಗೆ ದಾರಿ ಬಿಟ್ಟು ಮತ್ತೆ ಕೂತರೆ ಸಾಕು.

ಮೆರವಣಿಗೆಯಲ್ಲಿ ಜನ ಬೀದಿಯ ಎರಡು ಅಂಚಿಗೂ ಉದ್ದಕ್ಕೆ ಎರಡು ಸಾಲಾಗಿ ನಡೆಯುತ್ತಾರೆ. ನಡುವಿನ ಖಾಲಿ ಜಾಗ ಹೆಗಲ ಮೇಲೆ ಬರುವ ಪ್ರತಿಮೆಗಳಿಗೆ, ಗುರುಗಳಿಗೆ, ವಾದ್ಯದವರಿಗೆ. ಖಾಲಿ ಇದೆಯಲ್ಲ ಎಂದು ಅಲ್ಲಿಗೆ ನುಗ್ಗಿ ಫೋಟೊ ತೆಗೆಯುವವರೇ ಎಲ್ಲರಿಗೂ ಕಿರಿಕಿರಿ. ಹೊರುವವರು ಹೆಜ್ಜೆ ಹೊಂದಿಸಿಕೊಂಡು ನಡೆಯುತ್ತಾರೆ, ಎದುರಿಗೆ ಯಾರಾದರೂ ತಡೆದರೆ ಭಾರ ಒಂದೇ ಕಡೆಗೆ ವಾಲುತ್ತದೆ. ಅಂಚಿನ ಮೆಟ್ಟಿಲ ಮೇಲೆ ನಿಂತು, ಫ್ಲಾಶ್ ಇಲ್ಲದೆ ತೆಗೆಯಿರಿ.

ಗರಿಗಳ ಭಾನುವಾರ ಕೈಯಲ್ಲಿ ಹಿಡಿಯುವ ತಾಳೆಗರಿ ಕೊಳ್ಳುವಾಗಲೂ ಒಂದು ಎಚ್ಚರ. ಬೆಟ್ಟದ ಮೇಣದ ತಾಳೆಯ ಎಳೆಯ ತಿಳಿಹಳದಿ ಸುಳಿಯನ್ನು ಮೊದಲೆಲ್ಲ ಇದಕ್ಕೆಂದೇ ಕಡಿಯುತ್ತಿದ್ದರು. ಸುಳಿ ಹೋದರೆ ಎಳೆಯ ಗಿಡ ಸೊರಗುತ್ತದೆ, ಕಾಂಡ ಕಟ್ಟಲೇ ದಶಕಗಳು ಬೇಕಾದ ಮರ ಅದು. 1985ರ 61ನೇ ಕಾನೂನು ಅದನ್ನು ರಾಷ್ಟ್ರೀಯ ವೃಕ್ಷವೆಂದು ಸಾರಿ ಕಡಿಯುವುದನ್ನು ನಿಷೇಧಿಸಿತು. ಚರ್ಚೂ ಕೈಜೋಡಿಸಿದ್ದರಿಂದ ಈಗ ಜೋಳದ ಗಿಡ, ಇರಾಕಾ ಎಲೆ, ಕುಂಡದ ಸಸಿಗಳು ಬಂದಿವೆ. ಇವುಗಳನ್ನೇ ಹಿಡಿಯಿರಿ.

ಊರಿನ ಬಗ್ಗೆ ಕೇಳಿದಿರಿ. ನನ್ನ ಮತ ಹೆರಿಕೊಗೆ. 1915ರಿಂದ ಅದು ಬಿಷಪರ ಪೀಠ, ಹಾರ್ದಿನ್ ಕೂಡ ಅದೇ ಧರ್ಮಪ್ರಾಂತ್ಯಕ್ಕೆ ಸೇರಿದ್ದು. ಧರ್ಮಪ್ರಾಂತ್ಯದ ಗುರುಗಳೆಲ್ಲ ಬಿಷಪರೊಂದಿಗೆ ಸೇರಿ ವರ್ಷದ ಪವಿತ್ರ ತೈಲಗಳನ್ನು ಆಶೀರ್ವದಿಸುವ ಪೂಜೆ ಬಿಷಪರ ಚರ್ಚಾದ ಅಲ್ಲಿನ ಕೆಥೆಡ್ರಲ್‌ನಲ್ಲೇ ನಡೆಯುತ್ತದೆ. ಊರು ಸಣ್ಣದಾದರೂ ಚರ್ಚು, ಚಾಪೆಲ್ ಹಲವು ಇರುವುದರಿಂದ ಗುರುವಾರ ರಾತ್ರಿಯ ನಡಿಗೆಗೆ ಅಲ್ಲಿ ಅರ್ಥವಿದೆ. ಸಂತ ಲೌರಾ ಹುಟ್ಟಿದ್ದು ಅಲ್ಲೇ, 1874ರಲ್ಲಿ. ಕೊಲಂಬಿಯಾದ ಮೊದಲ ಸಂತರು ಅವರು. ಮೂಲನಿವಾಸಿಗಳ ನಡುವೆ ಕೆಲಸ ಮಾಡಲು 1914ರಲ್ಲಿ ದಾಬೆಯ್ಬಾ ಕಾಡಿಗೆ ಹೊರಟ ಶಿಕ್ಷಕಿ. ಪೋಪ್ ಫ್ರಾನ್ಸಿಸ್ 2013ರ ಮೇ 12ರಂದು ಸಂತ ಪದವಿ ಕೊಟ್ಟರು.

ಅರೇಬಿಕಾಕಳಸ:

ಧರ್ಮದ ದೃಷ್ಟಿಯಿಂದ ಹೆರಿಕೊ ಸರಿ. ಆದರೆ ಮಂಡಿನೋವಿನ ಅಮ್ಮ ಇರುವಾಗ ನಾನು ಹಾರ್ದಿನ್ ಎನ್ನುತ್ತೇನೆ. ಹೆರಿಕೊ ಸುಮಾರು 1,900 ಮೀಟರ್ ಎತ್ತರದ ಇಳಿಜಾರಿಗೆ ಕಚ್ಚಿಕೊಂಡ ಊರು. ಚೌಕದಿಂದ ಯಾವ ದಿಕ್ಕಿಗೆ ಹೊರಟರೂ ಏರು, ಇಲ್ಲವೇ ಇಳುಕಲು. ಹಾರ್ದಿನ್ ಸುಮಾರು 1,750 ಮೀಟರ್, ಚೌಕವೂ ಸುತ್ತಲಿನ ಬೀದಿಗಳೂ ಹೆಚ್ಚುಕಡಿಮೆ ಸಮತಟ್ಟು. ಬಸಿಲಿಕಾ ಎಂದು ಕರೆಯುವ ದೊಡ್ಡ ಚರ್ಚು ಚೌಕಕ್ಕೇ ಮುಖ ಮಾಡಿದೆ, ಮೆರವಣಿಗೆಗಳು ಅಲ್ಲಿಂದಲೇ. ಬಣ್ಣ ಬಳಿದ ಮರದ ಕುರ್ಚಿಗಳು ಚೌಕದ ತುಂಬ ಇರುತ್ತವೆ. ಒಂದು ಕಾಫಿ ತೆಗೆದುಕೊಂಡು ಅಮ್ಮ ಕೂತಲ್ಲಿಂದಲೇ ಅರ್ಧ ನೋಡಬಹುದು. ದೂರಕ್ಕೆ ಆಟೋಗಳಿವೆ, ನಮ್ಮ ಬಜಾಜ್ ಮಾದರಿಯವೇ.

ಕಾಫಿ ಸೀಮೆಯವರಾದರೆ ಇದನ್ನು ತಿಳಿದು ಹೋಗಿ: ಮಾರ್ಚ್ ಕೊನೆಗೆ ಅಲ್ಲಿ ಕೊಯ್ಲು ಜೋರಿರುವುದಿಲ್ಲ. ದೊಡ್ಡ ಕೊಯ್ಲು ಅಕ್ಟೋಬರಿನಿಂದ ಡಿಸೆಂಬರ್, ಮಿತಾಕಾ ಎನ್ನುವ ಚಿಕ್ಕ ಕೊಯ್ಲು ಏಪ್ರಿಲ್–ಮೇ ಕಡೆ. ನಿಮಗೆ ಕಾಣುವುದು ಹೂವು, ಮಿಡಿ, ಅಲ್ಲೊಂದು ಇಲ್ಲೊಂದು ಹಣ್ಣು. ವರ್ಷಕ್ಕೆ ಎರಡು ಮಳೆಗಾಲ ಇರುವುದರಿಂದ ಒಂದೇ ಗಿಡದಲ್ಲಿ ಮೂರೂ ಇರುತ್ತವೆ. ಚಿಕ್ಕಮಗಳೂರು, ಕೊಡಗಿನ ಎರಡು ಅಂತಸ್ತಿನ ನೆರಳು ಅಲ್ಲಿಲ್ಲ. ಬಹುಪಾಲು ಬಿಸಿಲಲ್ಲೇ ಒತ್ತೊತ್ತಾಗಿ ನೆಟ್ಟಿರುತ್ತಾರೆ, ಹೆಕ್ಟೇರಿಗೆ ಐದು ಸಾವಿರಕ್ಕೂ ಮೇಲೆ ಗಿಡ ಸಾಮಾನ್ಯ. ಎಲೆ ತುಕ್ಕು ತಡೆಯುವ ಕಸ್ತಿಯೊ ತಳಿ 2005ರಿಂದ ಹರಡಿದೆ. ಪಲ್ಪರ್ ಯಂತ್ರದಲ್ಲಿ ಸಿಪ್ಪೆ ಸುಲಿದ ಬೀಜವನ್ನು 12–18 ತಾಸು ತೊಟ್ಟಿಯಲ್ಲಿ ಹುಳಿಯಲು ಬಿಟ್ಟು, ತೊಳೆದು ಒಣಗಿಸುತ್ತಾರೆ. ಮನೆಯ ಮೇಲಿನ ಒಣಗಿಸುವ ಕಣ ನೋಡುವಂಥದ್ದು: ಇಡೀ ಮಾಡು ಹಳಿಗಳ ಮೇಲೆ ಕೂತಿರುತ್ತದೆ, ಬಿಸಿಲಿದ್ದಾಗ ಪಕ್ಕಕ್ಕೆ ತಳ್ಳುತ್ತಾರೆ, ಮೋಡ ಕಂಡರೆ ಒಬ್ಬರೇ ಎಳೆದು ಮುಚ್ಚುತ್ತಾರೆ. ತೋಟಗಳು ಬಲು ಕಡಿದು. ಅಮ್ಮ ಮನೆಯಂಗಳದಲ್ಲಿ ಪಲ್ಪರ್, ಕಣ ನೋಡಿದರೆ ಸಾಕು. ಶುಭ ಶುಕ್ರವಾರ ತೋಟ ನೋಡಲು ಹೋಗಬೇಡಿ. ಆ ದಿನ ಕೆಲಸ ಮಾಡಬಾರದು, ಮೊಳೆ ಹೊಡೆಯಬಾರದು, ಹೊಳೆಯಲ್ಲಿ ಮೀಯಬಾರದು ಎನ್ನುವುದನ್ನು ಹಿರಿಯರು ಇಂದಿಗೂ ಪಾಲಿಸುತ್ತಾರೆ.

ಹಸಿ ಕಾಫಿ ಬೀಜ, ಸಸಿ, ಹಣ್ಣು ಯಾವುದನ್ನೂ ಊರಿಗೆ ತರಬೇಡಿ. ಅಮೆರಿಕ ಖಂಡದ ಕಾಫಿಗೆ ತಗಲುವ ಎಲೆಚುಕ್ಕೆಯ ಶಿಲೀಂಧ್ರ ನಮ್ಮ ತೋಟಗಳಲ್ಲಿಲ್ಲ, ಒಂದು ಹಿಡಿ ಬೀಜದಿಂದ ಅದು ಬಂದರೂ ಬಂತು. ಹುರಿದದ್ದನ್ನು ತನ್ನಿ. ತೋಟ ತುಳಿದ ಬೂಟನ್ನು ಮಣ್ಣು ಹೋಗುವಂತೆ ಉಜ್ಜಿ ತೊಳೆದು ಒಣಗಿಸಿ ಪ್ಯಾಕ್ ಮಾಡಿ.

ಹಕ್ಕಿಗಳಿಗೂ ಹಾರ್ದಿನ್ ಅನುಕೂಲ. ಊರಂಚಿನ ಖಾಸಗಿ ಕಾಡಿನಲ್ಲಿ ಕೆಂಪು ಬಂಡೆಕೋಳಿಯ ಗಂಡುಗಳು ಸಂಜೆ ನಾಲ್ಕರ ಮೇಲೆ ಸೇರಿ ಕುಣಿಯುತ್ತವೆ, ಚೌಕದಿಂದ ನಡೆದೇ ಹೋಗಬಹುದು. ಗುರುವಾರ, ಶುಕ್ರವಾರ ಆ ಹೊತ್ತಿಗೆ ಚರ್ಚಿನ ಕಾರ್ಯಕ್ರಮ ಅಡ್ಡ ಬರುವುದರಿಂದ ಬುಧವಾರವೇ ಮುಗಿಸಿ. ಹಳದಿಕಿವಿ ಗಿಳಿಗೆ ಮಾತ್ರ ರಿಯೊಸೂಸಿಯೊ ಕಡೆಯ ಮೇಲಿನ ರಸ್ತೆಗೆ ಜೀಪಿನಲ್ಲಿ ನಸುಕಿಗೇ ಹೊರಡಬೇಕು. ಗೂಡು ಕಟ್ಟುವುದು ಮೇಲೆ ಹೇಳಿದ ಮೇಣದ ತಾಳೆಯಲ್ಲೇ. ನಿರ್ನಾಮವಾಯಿತೆಂದುಕೊಂಡಿದ್ದ ಈ ಗಿಳಿ 1999ರಲ್ಲಿ ತೋಲಿಮಾದಲ್ಲಿ ಸಿಕ್ಕಾಗ ಎಣಿಕೆಗೆ ಬಂದದ್ದು 81. ತಾಳೆಗರಿಯ ವಿಷಯದಲ್ಲಿ ಜನರ ಮನವೊಲಿಸಲು ಅಷ್ಟು ಶ್ರಮಪಟ್ಟದ್ದು ಇದಕ್ಕೇ.

ಒಗ್ಗರಣೆಡಬ್ಬಿ:

ಊಟದ ಬಗ್ಗೆ. ಆ ಸೀಮೆಯ ದಿನನಿತ್ಯದ ಊಟ ಕೆಂಪು ಹುರುಳಿಕಾಯಿ ಕಾಳು, ಅಂದರೆ ಫ್ರಿಹೋಲೆಸ್, ಜೊತೆಗೆ ಅನ್ನ, ಬಾಳೆಕಾಯಿ, ಅರೆಪಾ. ಕೇಳಿದರೆ ಸಸ್ಯಾಹಾರ ಅನಿಸುತ್ತದೆ, ಅಲ್ಲ. ಕಾಳನ್ನು ಹಂದಿಯ ಚರ್ಮದ ತುಂಡಿನೊಂದಿಗೇ ಬೇಯಿಸುತ್ತಾರೆ. ಬೆಳಿಗ್ಗೆ ಒಂದೇ ದೊಡ್ಡ ಪಾತ್ರೆಯಲ್ಲಿ ಬೆಂದಿರುವುದರಿಂದ ಮಧ್ಯಾಹ್ನ ಹೋಗಿ ಮಾಂಸ ಬೇಡ ಎಂದರೆ ತುಂಡನ್ನು ಎತ್ತಿಟ್ಟು ಬಡಿಸುತ್ತಾರೆ. ಬೇಳೆಯಂಥ ಲೆಂತೇಹಾಸ್‌ಗೂ ಚೊರೀಸೊ (ಹಂದಿಮಾಂಸದ ಸಾಸೇಜು) ಬೀಳಬಹುದು. ಸೂಪು ಬಹುಮಟ್ಟಿಗೆ ಮಾಂಸದ ಸಾರಿನದೇ. ಹಿಂದಿನ ಸಂಜೆಯೇ ಹೋಟೆಲಿನವರಿಗೆ ಹೇಳಿ ಬೇರೆ ಪಾತ್ರೆಯಲ್ಲಿ ಮಾಡಿಸುವುದೊಂದೇ ದಾರಿ. ಕಾಳು ರಾತ್ರಿ ನೆನೆಯಬೇಕಾದ್ದರಿಂದ ಅದೇ ದಿನ ಹೇಳಿದರೆ ಆಗುವುದಿಲ್ಲ.

ಹೇಳುವ ಮಾತಿದು, ಬರೆದಿಟ್ಟುಕೊಳ್ಳಿ: ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಪೆಸ್ಕಾದೊ, ಸಿನ್ ತೊಸೀನೊ, ಸಿನ್ ವೇವೊ, ಸಿನ್ ಕಾಲ್ದೊ ದೆ ಕಾರ್ನೆ. ಮಾಂಸ, ಕೋಳಿ, ಮೀನು, ಹಂದಿಕೊಬ್ಬು, ಮೊಟ್ಟೆ, ಮಾಂಸದ ಸಾರು ಒಂದೂ ಬೇಡ ಎಂದು. ಬರಿಯ ಸಿನ್ ಕಾರ್ನೆ ಎಂದರೆ ಕೋಳಿಯೋ ಟ್ಯೂನಾ ಮೀನೋ ತಟ್ಟೆಗೆ ಬರುತ್ತದೆ. ಪವಿತ್ರ ವಾರದಲ್ಲಂತೂ ಇದು ಖಂಡಿತ: ಶುಕ್ರವಾರ ಅವರೂ ಮಾಂಸ ಬಿಡುತ್ತಾರೆ, ಆದರೆ ಆ ಜಾಗಕ್ಕೆ ಮೀನು ಬರುತ್ತದೆ. ನಾವೂ ಮಾಂಸ ತಿನ್ನುವುದಿಲ್ಲ ಎಂದು ಹೇಳಿದ ತಕ್ಷಣ ಅರ್ಥವಾಯಿತೆಂಬಂತೆ ಮೀನು ತಂದಿಡುತ್ತಾರೆ.

ಅಮ್ಮನಿಗೆ ನಿಶ್ಚಿಂತೆಯಿಂದ ಕೊಡಬಹುದಾದವೂ ಇವೆ. ಅರೆಪಾ: ಸಿಪ್ಪೆ ತೆಗೆದ ಮುಸುಕಿನ ಜೋಳವನ್ನು ಬೇಯಿಸಿ ರುಬ್ಬಿ, ತಟ್ಟಿ, ಕೆಂಡದ ಮೇಲೆ ಸುಟ್ಟದ್ದು. ಆ ಭಾಗದ್ದಕ್ಕೆ ಉಪ್ಪೂ ಇರುವುದಿಲ್ಲ, ಚಟ್ನಿಪುಡಿಗೆ ಚೆನ್ನಾಗಿ ಹೊಂದುತ್ತದೆ. ಮಸಮೊರಾ: ಅದೇ ಜೋಳವನ್ನು ತಾಸುಗಟ್ಟಲೆ ಬೇಯಿಸಿ ಹಾಲು ಸೇರಿಸಿದ್ದು, ಪಕ್ಕಕ್ಕೆ ಬೆಲ್ಲದ ತುಂಡು. ಆಗ್ವಾಪನೇಲಾ ಬೆಲ್ಲದ ಬಿಸಿನೀರು, ನಿಂಬೆ ಹಿಂಡಿ ಕೊಡುತ್ತಾರೆ. ಹಾಲು, ಅಕ್ಕಿ, ಚಕ್ಕೆ ಹಾಕಿದ ಪಾಯಸ ಆ ವಾರ ಮನೆಮನೆಯಲ್ಲೂ ಇರುತ್ತದೆ. ಪತಾಕೋನ್ ಎಂದರೆ ಜಜ್ಜಿ ಕರಿದ ಬಾಳೆಕಾಯಿ, ಅದರ ಮೇಲೆ ಹಾಕುವ ಓಗಾವೊ ಟೊಮೆಟೊ–ಈರುಳ್ಳಿಯ ಗೊಜ್ಜು. ಕರಿದ ಎಣ್ಣೆಯನ್ನು ಕೇಳಿಯೇ ತಿನ್ನಿ, ಅದೇ ಬಾಣಲೆಯಲ್ಲಿ ಹಂದಿಯನ್ನೂ ಕರಿದಿರಬಹುದು. ಬುನ್ಯುವೆಲೊ ಎಂಬ ಚೀಸ್ ಬೋಂಡಾದ ಹಿಟ್ಟಿಗೆ ಮೊಟ್ಟೆ ಹಾಕುತ್ತಾರೆ. ಕೆಸಿತೊ ಬಿಳಿ ಚೀಸು ಮೃದುವಾಗಿ ಹಿತವಾಗಿದೆ, ಆದರೆ ಹಾಲು ಒಡೆಯಲು ಬಳಸುವ ರೆನೆಟ್ ಕರುವಿನ ಹೊಟ್ಟೆಯದಿರಬಹುದು. ಅಮ್ಮ ಅಷ್ಟು ಕಟ್ಟುನಿಟ್ಟಾದರೆ ಬಿಡಿ. ಹೆರಿಕೊದಲ್ಲಿ ಏಲಕ್ಕಿ ಬೆಳೆಯುತ್ತಾರೆ, ಅದರ ಸಿಹಿ ಸಿಗುತ್ತದೆ.

ನಿಜಕ್ಕೂ ಉಪಾಯವೆಂದರೆ ಅಡುಗೆಮನೆ ಇರುವ ಕೋಣೆ ಹಿಡಿಯುವುದು. ಅಕ್ಕಿ, ತರಕಾರಿ, ಬಾಳೆ, ಆವಕಾಡೊ ಎಲ್ಲ ಅಲ್ಲೇ ಸಿಗುತ್ತವೆ. ಬುಧವಾರವೇ ಶನಿವಾರದವರೆಗಿನ ಸಾಮಾನು ತಂದಿಡಿ, ಶುಕ್ರವಾರ ಹಲವು ಅಂಗಡಿ ಮುಚ್ಚುತ್ತವೆ. ಇಲ್ಲಿಂದ ಸಾರಿನ ಪುಡಿ, ಚಟ್ನಿಪುಡಿ, ಗಟ್ಟಿ ಅವಲಕ್ಕಿ ಕಂಪನಿಯ ಮುಚ್ಚಿದ ಪೊಟ್ಟಣದಲ್ಲೇ ಒಯ್ಯಿರಿ. ತಾಜಾ ಹಣ್ಣು, ತರಕಾರಿ, ಬಿತ್ತನೆ ಬೀಜ ಬೇಡ.

ಕಾಗದಪತ್ರ:

ವೀಸಾ: ಭಾರತದ ಪಾಸ್‌ಪೋರ್ಟಿಗೆ ಕೊಲಂಬಿಯಾ ವೀಸಾ ಬೇಕು. ಆದರೆ ಅಮೆರಿಕ ಅಥವಾ ಯುರೋಪಿನ ಷೆಂಗನ್ ವೀಸಾ ಇದ್ದು, ಒಳಹೋಗುವ ದಿನ ಅದಕ್ಕೆ ಕನಿಷ್ಠ 180 ದಿನ ಬಾಕಿ ಇದ್ದರೆ ಪ್ರವಾಸಕ್ಕೆ ಬೇರೆ ವೀಸಾ ಬೇಡ. ಮೂವರ ವೀಸಾದ ಕೊನೆಯ ದಿನಾಂಕವನ್ನೂ ಈಗಲೇ ನೋಡಿ. ನಿಯಮ ಬದಲಾಗುವುದುಂಟು, ಟಿಕೆಟ್ ತೆಗೆಸುವ ಮುಂಚೆ ಅಲ್ಲಿನ ವಿದೇಶಾಂಗ ಸಚಿವಾಲಯದ ತಾಣದಲ್ಲಿ ಖಚಿತಪಡಿಸಿಕೊಳ್ಳಿ. ವಿಮಾನಕ್ಕೆ 72 ತಾಸಿನೊಳಗೆ ಚೆಕ್‌ಮಿಗ್ ಎಂಬ ಆನ್‌ಲೈನ್ ಅರ್ಜಿ ತುಂಬಬೇಕು, ಅದು ಉಚಿತ. ಹಣ ಕೇಳುವ ತಾಣ ಬಂದರೆ ಅದು ಸರ್ಕಾರದ್ದಲ್ಲ.

ಜನ ಮರೆಯುವುದು ಯೆಲ್ಲೋ ಫೀವರ್ ವಿಷಯ. ಈ ಜ್ವರದ ಅಪಾಯವಿರುವ ದೇಶದಿಂದ ಹೊರಟು ಆರು ದಿನದೊಳಗೆ ಭಾರತಕ್ಕೆ ಬಂದರೆ ಲಸಿಕೆಯ ಹಳದಿ ಪುಸ್ತಕ ತೋರಿಸಬೇಕು, ಇಲ್ಲದಿದ್ದರೆ ಕ್ವಾರಂಟೈನ್. ಕೊಲಂಬಿಯಾ ಆ ಪಟ್ಟಿಯಲ್ಲಿದೆ, 2025ರ ಏಪ್ರಿಲಿನಲ್ಲಿ ಅಲ್ಲಿ ಇದಕ್ಕಾಗಿ ಆರೋಗ್ಯ ತುರ್ತುಸ್ಥಿತಿಯನ್ನೂ ಸಾರಿದ್ದರು. ಲಸಿಕೆ ಹಾಕಿಸಿಕೊಂಡ ಹತ್ತನೇ ದಿನದಿಂದ ಪ್ರಮಾಣಪತ್ರ ಊರ್ಜಿತ, ಆಮೇಲೆ ಜೀವನಪರ್ಯಂತ. ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲೇ ಹಾಕಿಸಬೇಕು. ಅಲ್ಲಿ ದಿನ ನಿಗದಿಯಾಗಿರುವುದರಿಂದ ಜನವರಿಯಲ್ಲೇ ಮುಗಿಸಿ. 60 ದಾಟಿದವರಿಗೆ ಈ ಲಸಿಕೆಯ ಗಂಭೀರ ಅಡ್ಡಪರಿಣಾಮದ ಸಾಧ್ಯತೆ ಹೆಚ್ಚು, ಹಾಗಾಗಿ ಅಮ್ಮನನ್ನು ವೈದ್ಯರಿಗೆ ತೋರಿಸದೆ ಹಾಕಿಸಬೇಡಿ. ಮೊಟ್ಟೆಯ ಅಲರ್ಜಿ ಇದ್ದರೂ ಹೇಳಿ, ಲಸಿಕೆ ತಯಾರಾಗುವುದು ಕೋಳಿಮೊಟ್ಟೆಯ ಭ್ರೂಣದಲ್ಲಿ. ವೈದ್ಯರು ಬೇಡವೆಂದರೆ ಪ್ರವಾಸವೇ ಬೇಕೇ ಎಂದೂ ಅವರನ್ನೇ ಕೇಳಿ.

ಹೋಟೆಲಿನಲ್ಲಿ ಪ್ರವಾಸಿ ಮುದ್ರೆ ಇರುವ ಪಾಸ್‌ಪೋರ್ಟ್ ತೋರಿಸಿದರೆ ವಿದೇಶಿ ಪ್ರವಾಸಿಗರಿಗೆ 19% ತೆರಿಗೆ ಬೀಳುವುದಿಲ್ಲ. ನಗದನ್ನು ಮೆಡೆಯಿನ್‌ನಲ್ಲೇ ತೆಗೆದಿಟ್ಟುಕೊಳ್ಳಿ, ರಜೆಯ ಸಾಲಿನಲ್ಲಿ ಚಿಕ್ಕ ಊರಿನ ಎಟಿಎಂ ಖಾಲಿಯಾಗುತ್ತದೆ.

ತುಂಗಾತೀರ:

ಎಲ್ಲರಿಗೂ ಕೃತಜ್ಞತೆಗಳು. ಸಾಂತಾ ಫೆ ಕೈಬಿಟ್ಟೆವು, ಅಮ್ಮನ ಕಾಲಿನ ಕಾರಣಕ್ಕೆ ಹಾರ್ದಿನ್ ಎಂದು ನಿಶ್ಚಯಿಸಿದ್ದೇವೆ. ಹೆರಿಕೊ ಪೂರ್ತಿ ತಪ್ಪುವುದು ಬೇಸರ. ಈಸ್ಟರ್ ಆದ ಮೇಲೆ ಸೇರಿಸಬಹುದೇ? ಕೋಣೆ ಆರಿಸುವಾಗ ಏನು ನೋಡಬೇಕು?

ಘಟ್ಟದಹಾದಿ:

ಸೇರಿಸಬಹುದು. 23ರಿಂದ ಹಾರ್ದಿನ್, 29ರ ಸೋಮವಾರ ಬೆಳಿಗ್ಗೆ ಆಂದೆಸ್ ಮೇಲೆ ಹೆರಿಕೊ. ಶನಿವಾರವೇ ಹಾರ್ದಿನ್‌ನ ಬಸ್ ಕೌಂಟರಿನಲ್ಲಿ ಸೋಮವಾರದ ಹೊತ್ತು ಕೇಳಿಟ್ಟುಕೊಳ್ಳಿ. ವಸ್ತುಸಂಗ್ರಹಾಲಯಗಳು ಸೋಮವಾರ ಮುಚ್ಚಿರುವುದು ಹೆಚ್ಚು, ಆದ್ದರಿಂದ ಆ ದಿನ ಕೆಥೆಡ್ರಲ್, ಚೌಕ, ಚರ್ಮದ ಕಾರಿಯೆಲ್ ಚೀಲ ಹೊಲಿಯುವ ಅಂಗಡಿಗಳು. ಮಂಗಳವಾರ ಬೆಳಿಗ್ಗೆ ಸಂತ ಲೌರಾ ಅವರ ಮನೆ, ಮಧ್ಯಾಹ್ನದ ಮುಂಚೆ ಮೆಡೆಯಿನ್ ಬಸ್ಸು, ಬುಧವಾರ ವಿಮಾನ. ವಿಮಾನ ನಿಲ್ದಾಣ ಇರುವುದು ಮೆಡೆಯಿನ್‌ನಲ್ಲಲ್ಲ, ಬೆಟ್ಟದಾಚೆ ರಿಯೊನೆಗ್ರೊದಲ್ಲಿ. ಸುರಂಗದ ದಾರಿ ಬಂದ ಮೇಲೆ ಹೊತ್ತು ಕಡಿಮೆಯಾಗಿದೆ, ಆದರೂ ಒಂದು ತಾಸು ಇಟ್ಟುಕೊಳ್ಳಿ.

ಕೋಣೆಯ ವಿಷಯದಲ್ಲಿ ಮೊದಲು ಕೇಳಬೇಕಾದ್ದು ನೆಲಮಹಡಿ. ಹಳೆಯ ಮನೆಗಳೇ ಹೋಟೆಲುಗಳಾಗಿರುವುದರಿಂದ ಮರದ ಮೆಟ್ಟಿಲು ಕಡಿದಾಗಿ, ಕಿರಿದಾಗಿ ಇರುತ್ತವೆ. ಮುಂಬಾಗಿಲಿಗೆ ಎಷ್ಟು ಮೆಟ್ಟಿಲು ಎಂದೂ ಕೇಳಿ. ಚೌಕಕ್ಕೇ ಮುಖ ಮಾಡಿದ ಕೋಣೆಗೆ ಬಾಲ್ಕನಿಯಿಂದ ಮೆರವಣಿಗೆ ಕಾಣುತ್ತದೆ, ಆದರೆ ಬಾಲ್ಕನಿ ಇರುವುದು ಮಹಡಿಯ ಮೇಲೆ, ರಾತ್ರಿ ಗದ್ದಲವೂ ಹೆಚ್ಚು. ನಿಮಗೆ ಒಂದು ಬೀದಿ ಒಳಗಿನ ನೆಲಮಹಡಿಯೇ ಸೂಕ್ತ. ಬಿಸಿನೀರು ಇದೆಯೇ ಎಂದು ಬರಹದಲ್ಲೇ ಕೇಳಿ, ರಾತ್ರಿ 14 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಬುಕಿಂಗನ್ನು ಅಕ್ಟೋಬರ್–ನವೆಂಬರಿನಲ್ಲೇ ಮಾಡಿ, ರಜೆಯ ರಾತ್ರಿಗಳನ್ನು ಒಟ್ಟಿಗೆ ಕೊಡುತ್ತಾರೆಯೇ ಹೊರತು ಬಿಡಿಯಾಗಿ ಕೊಡುವುದು ಅಪರೂಪ.

ಶಿಲುಬೆಹಾದಿ:

ಒಂದು ಸೇರಿಸುತ್ತೇನೆ. ವಾರದ ವೇಳಾಪಟ್ಟಿಯನ್ನು ಧರ್ಮಕೇಂದ್ರದವರು ಬಸಿಲಿಕಾದ ಬಾಗಿಲಿಗೆ ಹಚ್ಚುತ್ತಾರೆ. ತಲುಪಿದ ದಿನವೇ ಅದರ ಫೋಟೊ ತೆಗೆದುಕೊಳ್ಳಿ, ಮೆರವಣಿಗೆ ಯಾವ ಬೀದಿಯಿಂದ ಯಾವ ಬೀದಿಗೆ ಎನ್ನುವುದೂ ಅದರಲ್ಲಿರುತ್ತದೆ. ಮಳೆ ಬಂದರೆ ಮೆರವಣಿಗೆ ತಡವಾಗುತ್ತದೆ, ಇಲ್ಲವೇ ಒಳಗೇ ನಡೆಯುತ್ತದೆ, ಏಕೆಂದರೆ ಮರದ ಪ್ರತಿಮೆಗಳ ಬಣ್ಣಕ್ಕೆ, ಬಟ್ಟೆಗೆ ನೀರು ತಾಗಬಾರದು. ಕೊಡೆ ಹಿಡಿದು ಬೀದಿಯಲ್ಲಿ ಕಾಯುವ ಬದಲು ಆಗ ಅಮ್ಮನೊಂದಿಗೆ ನೇರ ಚರ್ಚಿನೊಳಗೆ ಹೋಗಿ ಪಕ್ಕದ ಸಾಲಿನಲ್ಲಿ ಕೂತುಬಿಡಿ.